ಹಿಂದಿನಿಂದ ಗುದ್ದಿದರೆ ಕುತ್ತಿಗೆಗೇನಾಗುತ್ತದೆ?

ಚಿಕ್ಕಬಾಣಾವರದಿಂದ ಎಂಟನೇ ಮೈಲಿಯ ಕಡೆಗೆ ಹೆಸರಘಟ್ಟ ರಸ್ತೆಯಲ್ಲಿ ಕಾರಿನಲ್ಲಿ ಹೊರಟಿದ್ದೀರಿ ಎಂದುಕೊಳ್ಳಿ. ಮುಂದೆ ಹಂಪ್ ಬಂತು, ಬ್ರೇಕ್ ಹಾಕಿದಿರಿ. ಹಿಂದಿನ ಟೆಂಪೋದವನು ಹಾಕಲಿಲ್ಲ. ಇಬ್ಬರೂ ಇಳಿದು ಮಾತಿಗೆ ಮಾತು ಬೆಳೆಸಿ, ಬಂಪರ್ ಎಷ್ಟು ತಗ್ಗಾಗಿದೆ ಎಂದು ನೋಡಿ, ಮನೆಗೆ ಬಂದು ಉಂಡು ಮಲಗಿದಿರಿ. ಬೆಳಿಗ್ಗೆ ಏಳುವಾಗ ಕುತ್ತಿಗೆ ಹಿಡಿದುಕೊಂಡಿದೆ. "ನಿನ್ನೆ ಏನೂ ಆಗಿರಲಿಲ್ಲ ಡಾಕ್ಟ್ರೇ, ದಿಂಬು ಎತ್ತರವಾಯ್ತು ಅಂತ ಕಾಣುತ್ತೆ" ಎಂದೇ ಇಂಥವರು ಬರುವುದು. ತಪ್ಪು ದಿಂಬಿನದಲ್ಲ.

ನಮ್ಮ ತಲೆಯ ತೂಕ ಸುಮಾರು 4.5ರಿಂದ 5 ಕೆ.ಜಿ. ಕುತ್ತಿಗೆಯ ಏಳು ಸಣ್ಣ ಮೂಳೆಗಳು ಅದನ್ನು ಹೊತ್ತಿರುತ್ತವೆ. ಹಿಂದಿನಿಂದ ಗುದ್ದಿದಾಗ ಸೀಟು ನಿಮ್ಮ ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ; ತಲೆ ಮಾತ್ರ ಇದ್ದಲ್ಲೇ ಉಳಿದು ಹಿಂದಕ್ಕೆ ಬಾಗುತ್ತದೆ, ಮರುಕ್ಷಣವೇ ಮುಂದಕ್ಕೆ ಚಿಮ್ಮುತ್ತದೆ. ಚಾವಟಿ ಬೀಸಿದ ಹಾಗೆ. 1928ರಲ್ಲಿ ಅಮೆರಿಕದ ವೈದ್ಯ ಹೆರಾಲ್ಡ್ ಕ್ರೋ ಇದನ್ನು 'ವಿಪ್‌ಲ್ಯಾಶ್' ಎಂದು ಕರೆದರು. ಮೂಳೆ ಮುರಿಯದಿದ್ದರೂ ಅವನ್ನು ಹಿಡಿದಿಟ್ಟ ಸ್ನಾಯು, ತಂತುಗಳು ಜಗ್ಗಿಹೋಗುತ್ತವೆ. ಅಲ್ಲಿ ಊತ ಏರಲು ಕೆಲವು ಗಂಟೆಗಳು ಬೇಕು. ಆದ್ದರಿಂದಲೇ ನೋವು ಒಂದೆರಡು ದಿನ ತಡವಾಗಿ ಬರುತ್ತದೆ.

ಹೆಚ್ಚಿನವರಿಗೆ ಇದು ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಪಟ್ಟಿ ಕಟ್ಟಿಕೊಂಡು ತಿಂಗಳುಗಟ್ಟಲೆ ಅಲುಗಾಡದೆ ಕೂರುವುದು ಹಳೆಯ ಪದ್ಧತಿ. ಅದರಿಂದ ಕುತ್ತಿಗೆಯ ಸ್ನಾಯುಗಳು ಸೊರಗಿ, ಬಿಗಿತ ಹೆಚ್ಚುತ್ತದೆ. ಅಪಾಯವಿಲ್ಲವೆಂದು ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆ, ನೋವಿನ ಮಾತ್ರೆಯ ಸಹಾಯದಿಂದ ಕುತ್ತಿಗೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸುತ್ತಾ ಮಾಮೂಲಿ ಕೆಲಸಕ್ಕೆ ಮರಳುವುದೇ ಮೇಲು.

ಆದರೆ ಈ 'ಪರೀಕ್ಷಿಸಿದ ಮೇಲೆ' ಎಂಬ ಮಾತನ್ನು ಹಾರಿಸಿ ಓದಬೇಡಿ. ಅರವತ್ತೆಂಟರ ನಿವೃತ್ತ ನೌಕರರೊಬ್ಬರು ಅಪಘಾತವಾದ ನಾಲ್ಕನೇ ದಿನ ನನ್ನಲ್ಲಿಗೆ ಬಂದರು. ಕುತ್ತಿಗೆ ನೋವು ಅಷ್ಟೇನಿಲ್ಲ, ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ಬಗ್ಗುತ್ತಿಲ್ಲ ಎಂದರು. ವಯಸ್ಸಾದವರ ಸವೆದ ಕುತ್ತಿಗೆಯಲ್ಲಿ ಮೂಳೆ ಮುರಿಯದೆಯೇ ಬೆನ್ನುಹುರಿ ಜಜ್ಜಿಹೋಗಬಹುದು. ಕಾಲಿಗಿಂತ ಕೈ ಮೊದಲು ಸೋಲುತ್ತದೆ. ಅವರನ್ನು ಆ ದಿನವೇ ನರಶಸ್ತ್ರ ತಜ್ಞರಲ್ಲಿಗೆ ಕಳಿಸಬೇಕಾಯಿತು. ಕೈಕಾಲು ಜೋಮು, ನಿಶ್ಶಕ್ತಿ, ನಡಿಗೆಯಲ್ಲಿ ತೂರಾಟ, ಮೂತ್ರ ಕಟ್ಟುವುದು, ಕತ್ತಿನ ನಟ್ಟನಡುವೆ ಮೂಳೆ ಒತ್ತಿದರೆ ನೋವು, ಹೆಚ್ಚುತ್ತಲೇ ಹೋಗುವ ತಲೆನೋವು, ವಾಂತಿ: ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ವಯಸ್ಸು ಅರವತ್ತೈದು ದಾಟಿದ್ದರೆ ಸಣ್ಣ ಪೆಟ್ಟಾದರೂ ತೋರಿಸಿ.

"ಒಂದು ಎಕ್ಸ್‌ರೇ ಬರೆದುಕೊಡಿ, ಸಮಾಧಾನಕ್ಕೆ" ಎನ್ನುವವರು ಬಹಳ. ಎಲ್ಲರಿಗೂ ಅದು ಬೇಕಿಲ್ಲ. ಅಪಾಯದ ಚಿಹ್ನೆಯಿದ್ದವರಿಗೆ ಎಷ್ಟೋ ಸಲ ಅದು ಸಾಲುವುದೂ ಇಲ್ಲ, ಸಿ.ಟಿ. ಅಥವಾ ಎಂ.ಆರ್.ಐ. ಬೇಕಾಗುತ್ತದೆ. ಎಕ್ಸ್‌ರೇ ಚೆನ್ನಾಗಿದೆ ಎಂದ ಮಾತ್ರಕ್ಕೆ ನೋವು ಸುಳ್ಳಲ್ಲ. ಜಗ್ಗಿದ ತಂತು ಅದರಲ್ಲಿ ಕಾಣುವುದಿಲ್ಲ.

ಕ್ಷೌರದಂಗಡಿಯಲ್ಲಿ ತಲೆ ಹಿಡಿದು 'ಲಟಕ್' ಎಂದು ನೆಟಿಗೆ ತೆಗೆಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅಪಘಾತದ ನಂತರವಂತೂ ಇದನ್ನು ಖಂಡಿತ ಮಾಡಿಸಬೇಡಿ. ಮೆದುಳಿಗೆ ಹೋಗುವ ಎರಡು ರಕ್ತನಾಳಗಳು ಕುತ್ತಿಗೆ ಮೂಳೆಯ ರಂಧ್ರಗಳಲ್ಲೇ ಹಾದುಹೋಗುತ್ತವೆ. ಅವುಗಳ ಒಳಪದರ ಹರಿದರೆ ಲಕ್ವ ಹೊಡೆಯಬಹುದು. ಬಿಡದಂತೆ ಕಟ್ಟು ಹಾಕಿಸಿ ಎಣ್ಣೆ ತಿಕ್ಕಿಸುವುದೂ ಅಷ್ಟೇ, ಒಳಗೇನಾಗಿದೆ ಎಂದು ತಿಳಿಯುವ ಮೊದಲು ಬೇಡ.

ರಸ್ತೆಯಲ್ಲಿ ದೊಡ್ಡ ಅಪಘಾತ ಕಂಡಾಗ ನಮ್ಮ ಜನ ಓಡಿಬರುತ್ತಾರೆ, ಒಳ್ಳೆಯದೇ. ಆದರೆ ಕೈಕಾಲು ಹಿಡಿದೆಳೆದು ಆಟೋದಲ್ಲಿ ಮಡಚಿ ಕೂರಿಸಿದರೆ, ಮುರಿದ ಕುತ್ತಿಗೆಯ ಒಳಗೆ ಉಳಿದುಕೊಂಡಿದ್ದ ನರ ತುಂಡಾಗಬಹುದು. 108ಕ್ಕೆ ಫೋನ್ ಮಾಡಿ. ಬೆಂಕಿಯ ಭಯವಿಲ್ಲದಿದ್ದರೆ ಇದ್ದಲ್ಲೇ ಬಿಟ್ಟು, ಎರಡೂ ಕೈಯಿಂದ ತಲೆ ಅಲುಗದಂತೆ ಹಿಡಿದುಕೊಂಡು, ಉಸಿರಾಟ ಗಮನಿಸಿ. ಪೊಲೀಸು, ಕೋರ್ಟು ಎಂಬ ಅಂಜಿಕೆ ಬೇಡ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಆಮೇಲೆ ಕಾನೂನು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ನೆರವಾದವರಿಗೆ ರಕ್ಷಣೆ ಕೊಡುವ ವಿಧಿಯನ್ನು 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ಸೇರಿಸಲಾಗಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಇನ್ನೊಂದು ವಿಷಯ. ಸ್ಟೇಷನ್ ಮೆಟ್ಟಿಲು ಹತ್ತುವ ರಗಳೆ ಬೇಡವೆಂದು ಕೆಲವರು "ಬಚ್ಚಲಲ್ಲಿ ಜಾರಿಬಿದ್ದೆ" ಎಂದು ವೈದ್ಯರ ಮುಂದೆ ಸುಳ್ಳು ಬರೆಸುತ್ತಾರೆ. ಪೆಟ್ಟಿನ ಬಗೆ ತಿಳಿಯದೆ ವೈದ್ಯರ ಲೆಕ್ಕಾಚಾರವೇ ತಪ್ಪುತ್ತದೆ. ಮೂರು ತಿಂಗಳಾದರೂ ನೋವು ಬಿಡದೆ ಕೆಲಸ ಹೋಗಿ, ಪರಿಹಾರ ಕೇಳಲು ಹೋದಾಗ ಅದೇ ಚೀಟಿ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಯಾವ ದಿನ, ಎಲ್ಲಿ, ಯಾವ ಗಾಡಿ ಗುದ್ದಿತು ಎಂಬುದನ್ನು ಮೊದಲ ಸಲವೇ ಬರೆಸಿ.

ಕಾರಿನ ಸೀಟಿನ ಮೇಲಿರುವ ತಲೆದಿಂಬು ಒರಗಿ ನಿದ್ದೆ ಮಾಡಲಿಕ್ಕಲ್ಲ, ಈ ಚಾವಟಿಯೇಟನ್ನು ತಡೆಯಲಿಕ್ಕೆ. ನಮ್ಮಲ್ಲಿ ಬಹುತೇಕ ಕಾರುಗಳಲ್ಲಿ ಅದು ಕೆಳಗಿಳಿದೇ ಇರುತ್ತದೆ, ಕೆಲವರು ಕಿತ್ತು ಡಿಕ್ಕಿಯಲ್ಲಿ ಇಟ್ಟಿರುವುದೂ ಉಂಟು. ಅದರ ಮೇಲ್ತುದಿ ನಿಮ್ಮ ನೆತ್ತಿಯ ಮಟ್ಟಕ್ಕೆ ಬರಲಿ, ತಲೆಗೂ ಅದಕ್ಕೂ ನಡುವಿನ ಅಂತರ ಆದಷ್ಟು ಕಡಿಮೆಯಿರಲಿ. ಗುಂಡಿ ಒತ್ತಿ ಮೇಲೆತ್ತಿದರಾಯಿತು, ಅರ್ಧ ನಿಮಿಷದ ಕೆಲಸ.