ಮ್ಯಾಕ್ ಪ್ರಾಜೆಕ್ಟನ್ನು ಬಾಸ್ ಲಿನಕ್ಸ್‌ಗೆ ಒಗ್ಗಿಸುವುದು ಹೇಗೆ?

ಭಾರತ್ ಆಪರೇಟಿಂಗ್ ಸಿಸ್ಟಂ ಸೊಲ್ಯೂಷನ್ಸ್, ಚಿಕ್ಕದಾಗಿ ಬಾಸ್, ಸಿ-ಡ್ಯಾಕ್‌ನ ಚೆನ್ನೈ ಕೇಂದ್ರದಲ್ಲಿ ರೂಪುಗೊಂಡ ಲಿನಕ್ಸ್. ಮೊದಲ ಆವೃತ್ತಿ ಬಂದದ್ದು 2007ರಲ್ಲಿ. ಮ್ಯಾಕ್‌ನಲ್ಲಿ ಸಲೀಸಾಗಿ ಕಂಪೈಲ್ ಆಗುತ್ತಿದ್ದ ಸಿ ಪ್ರಾಜೆಕ್ಟ್ ಇದರಲ್ಲಿ ಮುಗ್ಗರಿಸಿದರೆ ಕೂಡಲೇ ಕೋಡ್ ತಿದ್ದಲು ಹೋಗಬೇಡಿ. ಮೊದಲು ಮೇಕ್‌ಫೈಲ್ ತೆರೆಯಿರಿ. ಬಹಳಷ್ಟು ಸಲ ತಕರಾರು ಅಲ್ಲೇ ಇರುತ್ತದೆ.

ಬಾಸ್‌ಗೆ ತಳಹದಿ ಡೆಬಿಯನ್. ಹಾಗಾಗಿ ಎಪಿಟಿ ಮೂಲಕ 'ಬಿಲ್ಡ್-ಎಸೆನ್ಷಿಯಲ್' ಹಾಕಿಕೊಂಡರೆ ಜಿಸಿಸಿ, ಮೇಕ್ ಎರಡೂ ಬರುತ್ತವೆ. ಪ್ರಾಜೆಕ್ಟ್ ಬಳಸುವ ಪ್ರತಿ ಲೈಬ್ರರಿಗೂ ಹೆಸರಿನ ಕೊನೆಯಲ್ಲಿ 'ಡೆವ್' ಇರುವ ಪ್ಯಾಕೇಜ್ ಬೇಕು. ಹೆಡರ್ ಫೈಲ್‌ಗಳು ಇರುವುದು ಅದರಲ್ಲೇ.

ಈಗ 'ಮೇಕ್ ಕ್ಲೀನ್' ಕೊಡಿ. ಮ್ಯಾಕ್‌ನಲ್ಲಿ ತಯಾರಾದ ಆಬ್ಜೆಕ್ಟ್ ಫೈಲ್ ಇಲ್ಲಿ ನಡೆಯುವುದಿಲ್ಲ. ಮೇಕ್‌ಫೈಲ್‌ನಲ್ಲಿರುವ 'ಫ್ರೇಮ್‌ವರ್ಕ್' ಆಯ್ಕೆಗಳನ್ನೂ ಹೋಂಬ್ರೂ ಫೋಲ್ಡರ್‌ನ ವಿಳಾಸಗಳನ್ನೂ ತೆಗೆಯಿರಿ. ಅವುಗಳ ಜಾಗದಲ್ಲಿ ಡೆಬಿಯನ್‌ನ ವಿಳಾಸ ಬರೆಯುವ ಆಸೆಯಾಗುತ್ತದೆ, ಬೇಡ. ಡೆಬಿಯನ್ ತನ್ನ ಲೈಬ್ರರಿಗಳನ್ನು ಪ್ರೊಸೆಸರ್ ಬಗೆಯ ಹೆಸರಿನ ಉಪಫೋಲ್ಡರ್‌ನಲ್ಲಿ ಇಡುತ್ತದೆ. ಪ್ರೊಸೆಸರ್ ಬದಲಾದರೆ ನೀವು ಬರೆದದ್ದು ಮತ್ತೆ ತಪ್ಪು. 'ಪಿಕೆಜಿ-ಕಾನ್ಫಿಗ್' ಅನ್ನು ಕೇಳುವ ಸಾಲು ಸೇರಿಸಿ, ವಿಳಾಸ ಹುಡುಕುವ ಕೆಲಸ ಅದಕ್ಕೇ ಬಿಡಿ.

ಹೊಸಬರನ್ನು ಹೆಚ್ಚು ಕಾಡುವುದು ಲಿಂಕಿಂಗ್ ಹಂತ. ವರ್ಗಮೂಲ ತೆಗೆಯುವ ಫಂಕ್ಷನ್ ಸಿಗುತ್ತಿಲ್ಲವೆಂದು ಲಿಂಕರ್ ಗೊಣಗುತ್ತದೆ, ಹೆಡರ್ ಸರಿಯಾಗಿಯೇ ಸೇರಿಸಿರುತ್ತೀರಿ. ಮ್ಯಾಕ್‌ನಲ್ಲಿ ಗಣಿತದ ಫಂಕ್ಷನ್‌ಗಳು ತಾವಾಗಿಯೇ ಲಿಂಕ್ ಆಗುತ್ತವೆ. ಇಲ್ಲಿ '-ಎಲ್ಎಂ' ಎಂದು ಬಾಯಿಬಿಟ್ಟು ಹೇಳಬೇಕು. ಅದನ್ನೂ ಆಬ್ಜೆಕ್ಟ್ ಫೈಲ್‌ಗಳ ನಂತರ ಬರೆಯಬೇಕು, ಏಕೆಂದರೆ ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. 'ಎಲ್‌ಡಿಲಿಬ್ಸ್' ಎಂಬ ಚರ ಇರುವುದೇ ಇದಕ್ಕೆ. ಥ್ರೆಡ್ ಬಳಸುವ ಪ್ರೋಗ್ರಾಂ ಆದರೆ '-ಪಿಥ್ರೆಡ್' ಅನ್ನು ಕಂಪೈಲ್, ಲಿಂಕ್ ಎರಡೂ ಕಡೆ ಕೊಡಿ.

ವೇಗದ ಹುಚ್ಚಿಗೆ '-ಮಾರ್ಚ್=ನೇಟಿವ್' ಹಾಕುವವರಿದ್ದಾರೆ. ನಿಮ್ಮ ಗಣಕಕ್ಕೆ ಮಾತ್ರವಾದರೆ ಸರಿ. ಹಳೆಯ ಪ್ರೊಸೆಸರ್ ಇರುವ ಶಾಲೆಯ ಲ್ಯಾಬಿಗೆ ಆ ಫೈಲ್ ಒಯ್ದರೆ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ನಿಂತುಬಿಡಬಹುದು. ಹಂಚುವ ಫೈಲ್‌ಗೆ '-ಓ2' ಧಾರಾಳ ಸಾಕು.

ಇನ್‌ಸ್ಟಾಲ್ ಮಾಡುವಾಗ ಯುಎಸ್ಆರ್ ಒಳಗಿನ 'ಲೋಕಲ್' ಫೋಲ್ಡರ್ ಆರಿಸಿಕೊಳ್ಳಿ, ವ್ಯವಸ್ಥೆಯ ಪ್ಯಾಕೇಜ್‌ಗಳ ತಂಟೆಗೆ ಹೋಗುವುದಿಲ್ಲ. ಪ್ರಾಜೆಕ್ಟ್ ತನ್ನದೇ ಲೈಬ್ರರಿ ಹಾಕಿದ್ದರೆ 'ಎಲ್‌ಡಿಕಾನ್ಫಿಗ್' ಓಡಿಸಿ. ಆಮೇಲೆ 'ಎಲ್‌ಡಿಡಿ'ಗೆ ಪ್ರೋಗ್ರಾಂ ಹೆಸರು ಕೊಟ್ಟು ನೋಡಿ; 'ನಾಟ್ ಫೌಂಡ್' ಎಂದು ಯಾವ ಲೈಬ್ರರಿಯ ಮುಂದೆ ಬರುತ್ತದೋ ಅದರ ಪ್ಯಾಕೇಜ್ ಇನ್ನೂ ಬಾಕಿ.