ಫೋನಿನಲ್ಲಿ ಗುಲ್ಮ, ಕೈಯಲ್ಲಿ ಪೆನ್ಸಿಲ್: ಅನಾಟಮಿ ಕಲಿಯುವವರಿಗೆ ಹತ್ತು ಸೂತ್ರಗಳು

ಹನೂರು, ಕೊಳ್ಳೇಗಾಲ, ಯಳಂದೂರು ಕಡೆಯ ಮಕ್ಕಳು ಡಾಕ್ಟರಾಗಬೇಕೆಂದರೆ ಹಿಂದೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಿತ್ತು. 2016ರಲ್ಲಿ ಚಾಮರಾಜನಗರದ ಪಕ್ಕದ ಯಡಪುರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಯಿತು. 2021ರ ಅಕ್ಟೋಬರ್‌ನಲ್ಲಿ ಅದರ ಬೋಧನಾ ಆಸ್ಪತ್ರೆಯನ್ನು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನ ರೋಗಿಯೂ ಅವರನ್ನು ಮುಟ್ಟಿ ನೋಡಲು ಕಲಿಯುವ ವಿದ್ಯಾರ್ಥಿಯೂ ಈಗ ಒಂದೇ ಜಿಲ್ಲೆಯಲ್ಲಿದ್ದಾರೆ. ಇಬ್ಬರ ನಡುವೆ ಹೊಸದಾಗಿ ಬಂದು ಕೂತಿರುವುದು ಫೋನು. ಕ್ಯಾಮೆರಾ ತೋರಿಸುವ ನಿಜವಾದ ಮೇಜು ಅಥವಾ ನಿಜವಾದ ತೋಳಿನ ಮೇಲೆ ಮೂಳೆ, ನರ, ರಕ್ತನಾಳದ ಮೂರು ಆಯಾಮದ ಚಿತ್ರವನ್ನು ತಂದು ಕೂರಿಸುವ ಈ ತಂತ್ರಕ್ಕೆ ವರ್ಧಿತ ವಾಸ್ತವ, ಚಿಕ್ಕದಾಗಿ ಎಆರ್, ಎಂದು ಹೆಸರು. ಮೊದಲ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳಿಗೂ ಅವರ ಮೇಷ್ಟರುಗಳಿಗೂ ಈ ಸೂತ್ರಗಳು.

1. ಅಂಕ ಹೆಚ್ಚುತ್ತದೆಂದು ನಂಬಿ ಹೊರಡಬೇಡಿ.
ಆಸ್ಟ್ರೇಲಿಯಾದ ಬಾಂಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 59 ಮಂದಿ ತಲೆಬುರುಡೆಯ ರಚನೆ ಕಲಿತರು. ಕೆಲವರಿಗೆ ಎಆರ್, ಕೆಲವರಿಗೆ ಕಣ್ಣು ಪೂರ್ತಿ ಮುಚ್ಚುವ ವರ್ಚುವಲ್ ರಿಯಾಲಿಟಿ, ಉಳಿದವರಿಗೆ ಬರೀ ಟ್ಯಾಬ್ಲೆಟ್. ಪರೀಕ್ಷೆಯಲ್ಲಿ ಮೂರೂ ಗುಂಪು ಹೆಚ್ಚುಕಮ್ಮಿ ಸಮ. ಕಣ್ಣು ಮುಚ್ಚಿಕೊಂಡವರಿಗೆ ಮಾತ್ರ ತಲೆನೋವು, ತಲೆಸುತ್ತು ಜಾಸ್ತಿ. ಎಆರ್‌ನಿಂದ ಸಿಗುವ ಲಾಭವೇ ಬೇರೆ: ಪುಸ್ತಕದ ಅಂಗ ಜೀವಂತ ದೇಹದ ಯಾವ ಜಾಗದಲ್ಲಿ, ಯಾವುದರ ಹಿಂದೆ ಇದೆ ಎಂಬ ಅಂದಾಜು. ಅದಕ್ಕಷ್ಟೇ ಅದನ್ನು ಹಿಡಿಯಿರಿ.

2. ಡಿಸೆಕ್ಷನ್ ಮೇಜು ಮೊದಲು, ಫೋನು ಆಮೇಲೆ.
ಆ್ಯಪ್‌ನಲ್ಲಿ ಅಪಧಮನಿ ಕೆಂಪು, ಅಭಿಧಮನಿ ನೀಲಿ, ನರ ಹಳದಿ. ಫಾರ್ಮಲಿನ್‌ನಲ್ಲಿ ನೆಂದ ದೇಹದಲ್ಲಿ ಎಲ್ಲವೂ ಒಂದೇ ಮಾಸಲು ಬಣ್ಣ. ಅಲ್ಲಿ ಗುರುತು ಹಿಡಿಯುವುದು ಬೆರಳು: ನರ ಗಟ್ಟಿ ಹುರಿ, ಅಪಧಮನಿಗೆ ದಪ್ಪ ಗೋಡೆ, ಅಭಿಧಮನಿ ಚಪ್ಪಟೆಯಾಗಿ ಬಿದ್ದಿರುತ್ತದೆ. ಮೊದಲ ದಿನವೇ ಬಣ್ಣಕ್ಕೆ ಒಗ್ಗಿದ ಕಣ್ಣು ಮೇಜಿನ ಮುಂದೆ ಕಂಗಾಲಾಗುತ್ತದೆ. ಆ ದೇಹ ಸುಮ್ಮನೆ ಬಂದದ್ದಲ್ಲ ಎಂಬುದೂ ನೆನಪಿರಲಿ. ವಾರಸುದಾರರಿಲ್ಲದ ದೇಹಗಳು 1957ರ ಕರ್ನಾಟಕ ಅಂಗರಚನಾಶಾಸ್ತ್ರ ಕಾಯ್ದೆಯ ದಾರಿಯಲ್ಲಿ ಬರುತ್ತವೆ, ಉಳಿದವು ದಾನ. ಬೆಳಗಾವಿಯ ಡಾ. ಮಹಾಂತೇಶ ರಾಮಣ್ಣವರ ಅವರು ತಂದೆಯ ಕೊನೆಯಾಸೆಯಂತೆ ಅವರ ದೇಹವನ್ನು 2010ರಲ್ಲಿ ವಿದ್ಯಾರ್ಥಿಗಳೆದುರು ತಾವೇ ವಿಚ್ಛೇದನ ಮಾಡಿ ಪಾಠ ಹೇಳಿದರು. ಅಂಥ ಪಾಠ ಯಾವ ಆ್ಯಪ್‌ನಲ್ಲೂ ಇಲ್ಲ.

3. ದುಬಾರಿ ಕನ್ನಡಕಕ್ಕೆ ಕಾಲೇಜಿನ ದುಡ್ಡು ಸುರಿಯಬೇಡಿ.
ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ ಎಂಬ ಎಆರ್ ಕನ್ನಡಕ ಹಾಕಿಸಿ ಅನಾಟಮಿ ಕಲಿಸಿತು. 2020ರ ಕೊರೊನಾ ಕಾಲದಲ್ಲಿ ವಿದ್ಯಾರ್ಥಿಗಳು ಅದನ್ನು ಮನೆಯಲ್ಲೇ ಹಾಕಿಕೊಂಡು ಪಾಠ ಕೇಳಿದರು. ಕೆಲಸ ಚೆನ್ನಾಗಿಯೇ ಇತ್ತು. ಆದರೆ ಒಂದರ ಬೆಲೆ 3500 ಡಾಲರ್ ಇತ್ತು, ಮೇಲಾಗಿ 2024ರಲ್ಲಿ ಮೈಕ್ರೋಸಾಫ್ಟ್ ಅದರ ತಯಾರಿಕೆಯನ್ನೇ ನಿಲ್ಲಿಸಿತು. ನಮ್ಮ ಸರ್ಕಾರಿ ಕಾಲೇಜಿನಲ್ಲಿ ಟೆಂಡರ್ ಕರೆದು ಪೆಟ್ಟಿಗೆ ಬಂದು ಸೇರುವಷ್ಟರಲ್ಲಿ ಕಂಪನಿ ಅಂಗಡಿ ಮುಚ್ಚಿರುತ್ತದೆ! ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನು ಎಆರ್‌ಗೆ ಹೊಂದುವಂಥದ್ದಾದರೆ ಅದೇ ಸಾಕು. ತಂಡಕ್ಕೊಂದು ಫೋನು ಚೆನ್ನಾಗಿದ್ದರಾಯಿತು, ಎಲ್ಲರ ಕೈಯಲ್ಲೂ ಬೇಕಿಲ್ಲ.

4. ಸ್ಟೀಲ್ ಮೇಜಿನ ಮೇಲೆ ಹಳೇ ಪೇಪರ್ ಹಾಸಿ.
ಫೋನು ಜಾಗ ಗುರುತಿಸುವುದು ಮೇಲ್ಮೈಯಲ್ಲಿರುವ ಚುಕ್ಕೆ, ಗೆರೆ, ಮೂಲೆಗಳಿಂದ. ಹೊಳೆಯುವ ಸ್ಟೀಲ್, ಬಿಳಿ ಬೆಡ್‌ಶೀಟ್ ಇದ್ದರೆ ಅದಕ್ಕೆ ಹಿಡಿತ ಸಿಗದೆ ಅಸ್ಥಿಪಂಜರ ಗಾಳಿಯಲ್ಲಿ ಜಾರಾಡುತ್ತದೆ. ದಿನಪತ್ರಿಕೆ ಹಾಸಿ, ದೀಪ ಹಾಕಿ, ಕದಲದೆ ನಿಲ್ಲುತ್ತದೆ.

5. ಮಾದರಿಯನ್ನು ಗೆಳೆಯನ ತೋಳಿನ ಮೇಲೆ ಕೂರಿಸಿ, ಆಮೇಲೆ ಫೋನು ಮುಚ್ಚಿ.
ಈ ಪಟ್ಟಿಯಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಮೊಣಕೈ ಮುಂದಿನ ಗುಳಿಯಲ್ಲಿ ಹೊರಗಿನಿಂದ ಒಳಕ್ಕೆ ಕ್ರಮವಾಗಿ ಬೈಸೆಪ್ಸ್ ಸ್ನಾಯುರಜ್ಜು, ಬ್ರೇಕಿಯಲ್ ಅಪಧಮನಿ, ಮೀಡಿಯನ್ ನರ. ಬಿಪಿ ನೋಡಲು ಸ್ಟೆತಾಸ್ಕೋಪ್ ಇಡುವುದು, ರಕ್ತ ತೆಗೆಯುವುದು ಎಲ್ಲಾ ಇದೇ ಸುತ್ತಿನಲ್ಲಿ. ಫೋನಿನಲ್ಲಿ ಒಮ್ಮೆ ನೋಡಿ, ಪರದೆ ಆರಿಸಿ, ಚರ್ಮದ ಮೇಲೆ ಪೆನ್ಸಿಲ್‌ನಿಂದ ಮೂರನ್ನೂ ಬರೆಯಿರಿ. ರಜ್ಜು ಬೆರಳಿಗೆ ಸಿಗುತ್ತದೆ, ಪಕ್ಕದಲ್ಲೇ ನಾಡಿ ಮಿಡಿಯುತ್ತದೆ. ಈಗ ಫೋನು ತೆಗೆದು ತಾಳೆ ನೋಡಿ. ನಿಮ್ಮ ಗೆರೆಗೂ ಫೋನಿನ ಗೆರೆಗೂ ಜಗಳ ಬಂದರೆ ನಾಡಿ ಹೇಳಿದ ಕಡೆ ಸರಿ.

ಇನ್ನೊಂದು ಎಚ್ಚರ: ಚರ್ಮದ ಒಳಗಿರಬೇಕಾದ ಅಂಗ ಪರದೆಯಲ್ಲಿ ಚರ್ಮದ ಮೇಲೆ ತೇಲುವಂತೆ ಕಾಣುತ್ತದೆ. ಎಷ್ಟು ಆಳದಲ್ಲಿದೆ ಎಂಬ ಲೆಕ್ಕ ತಪ್ಪುವುದು ಇದರಿಂದಲೇ. ಒಂದೇ ಕಡೆ ನಿಂತು ನೋಡಬೇಡಿ, ಫೋನು ಹಿಡಿದು ಅರ್ಧ ಸುತ್ತು ನಡೆಯಿರಿ.

6. ಗುಲ್ಮವನ್ನು ಯಳಂದೂರಿನ ರೋಗಿಯಿಂದ ಕಲಿಯಿರಿ.
ಗುಲ್ಮ, ಅಂದರೆ ಸ್ಪ್ಲೀನ್, ಎಡಗಡೆ 9, 10, 11ನೇ ಪಕ್ಕೆಲುಬುಗಳ ಮರೆಯಲ್ಲಿ ಕೂತಿರುತ್ತದೆ. ಆರೋಗ್ಯವಂತರಲ್ಲಿ ಕೈಗೆ ಸಿಗುವುದಿಲ್ಲ. ಎರಡು ಮೂರು ಪಟ್ಟು ದೊಡ್ಡದಾದಾಗ ಮಾತ್ರ ಪಕ್ಕೆಲುಬಿನ ಕೆಳಗೆ ಇಣುಕುತ್ತದೆ, ಬೆಳೆಯುತ್ತಾ ಹೋದರೆ ಹೊಕ್ಕುಳು ದಾಟಿ ಬಲಗಡೆಯ ಕಿಬ್ಬೊಟ್ಟೆಯತ್ತ ಸಾಗುತ್ತದೆ. ಅದಕ್ಕೇ ಅದನ್ನು ಹುಡುಕುವ ಕೈ ಬಲಗಡೆ ಕೆಳಗಿನಿಂದ ಶುರುವಾಗಬೇಕು. ಎಆರ್‌ನಲ್ಲಿ ಈ ದಾರಿಯನ್ನು ಹೊಟ್ಟೆಯ ಮೇಲೆ ತೋರಿಸಿಬಿಟ್ಟರೆ ಅರ್ಧ ಗಂಟೆಯ ಭಾಷಣ ಉಳಿಯುತ್ತದೆ.

ಆದರೆ ಆ್ಯಪ್‌ನಲ್ಲಿರುವುದು ಒಂದೇ ಒಂದು ಗುಲ್ಮ, ಯಾವ ರೋಗವೂ ಇಲ್ಲದ್ದು. ಇಲ್ಲಿನ ರೋಗಿಗಳಲ್ಲಿ ಹಾಗಲ್ಲ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿನ ಗಿರಿಜನರಾದ ಸೋಲಿಗರಿಗಾಗಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಸೋಲಿಗರ ಹಾಡಿಗಳಲ್ಲಿ ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್, ಇದೆಯೆಂಬುದು ಈ ಜಿಲ್ಲೆಯ ವೈದ್ಯರಿಗೆ ಗೊತ್ತಿರುವ ಸಂಗತಿ. ಬಾಗಿದ ರಕ್ತಕಣಗಳು ಗುಲ್ಮದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದು ಮಗುವಿನಲ್ಲಿ ಅದು ಊದಿರುತ್ತದೆ, ಒಬ್ಬ ವಯಸ್ಕನಲ್ಲಿ ಮತ್ತೆ ಮತ್ತೆ ರಕ್ತ ತಪ್ಪಿ ಸೊರಗಿ ಚಿಕ್ಕದಾಗಿರುತ್ತದೆ. ಮೇಷ್ಟರು ಮಾಡಬೇಕಾದ್ದು ಇಷ್ಟೆ: ಮಾದರಿಯನ್ನು ಒಮ್ಮೆ ಹಿಗ್ಗಿಸಿ, ಒಮ್ಮೆ ಕುಗ್ಗಿಸಿ, ಎರಡೂ ಸಲ ವಿದ್ಯಾರ್ಥಿಯಿಂದ ಅಂಚು ಬರೆಸಬೇಕು. 2047ರೊಳಗೆ ಈ ರೋಗ ತೊಡೆಯುತ್ತೇವೆಂದು 2023ರಲ್ಲಿ ಕೇಂದ್ರ ಸರ್ಕಾರ ಅಭಿಯಾನ ಶುರು ಮಾಡಿದೆ. ಆ ಕೆಲಸಕ್ಕೆ ಇಲ್ಲಿಂದ ಹೊರಡುವ ಡಾಕ್ಟರ ಕೈಗೆ ಗುಲ್ಮ ಸಿಗಬೇಕು ತಾನೆ?

7. ಮಾದಪ್ಪನ ಭಕ್ತರ ಮಂಡಿಯನ್ನು ಮಡಿಸಿ ನೋಡಿ.
ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗೆ ಜನ ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಬೆಟ್ಟ ಹತ್ತುತ್ತಾರೆ, ಎಷ್ಟೋ ಮಂದಿ ಬರಿಗಾಲಲ್ಲಿ. ಜಾತ್ರೆಯ ವೈದ್ಯಕೀಯ ಶಿಬಿರದಲ್ಲಿ ಕೂತರೆ ಕೇಳುವ ಮಾತು, “ಹತ್ತುವಾಗ ಏನಿಲ್ಲ ಸಾ, ಇಳಿವಾಗ ಮಂಡಿ ಹಿಡ್ಕತ್ತದ.” ಕಾರಣ ಸ್ಪಷ್ಟ. ಇಳಿಜಾರಿನಲ್ಲಿ ಮೈಭಾರ ತಡೆಯಲು ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿಯಬೇಕು, ಮಂಡಿಚಿಪ್ಪು ಎಲುಬಿನ ಮೇಲೆ ಒತ್ತುತ್ತದೆ. ಇಲ್ಲಿ ಸಾಧಾರಣ ಆ್ಯಪ್ ಕೈಕೊಡುತ್ತದೆ. ಅದರ ಕಾಲು ನೆಟ್ಟಗೆ ನಿಂತದ್ದು ನಿಂತೇ ಇರುತ್ತದೆ. ಪರೀಕ್ಷಿಸುವಾಗಲಾದರೋ ಮಂಡಿಯನ್ನು ಮಡಿಸಿ, ಚಿಪ್ಪಿನ ಕೆಳಗಿನ ರಜ್ಜುವಿನ ಅಕ್ಕಪಕ್ಕದ ಗುಳಿಯಲ್ಲಿ ಹೆಬ್ಬೆರಳಿಟ್ಟು ಸಂದಿನ ಗೆರೆ ಹುಡುಕಬೇಕು. ಅಲ್ಲಿ ಒತ್ತಿದರೆ ನೋವು ಎಂದರೆ ಎಕ್ಸ್‌-ರೇಯಲ್ಲಿ ಕಾಣದ ಮೆನಿಸ್ಕಸ್ ಬಗ್ಗೆ ಯೋಚಿಸಿ. ಮಡಿಸಿದ ಮಂಡಿಯ ಮಾದರಿ ಸಿಕ್ಕರೆ ಬಳಸಿ, ಇಲ್ಲದಿದ್ದರೆ ಆ ದಿನ ಎಆರ್ ಬೇಡ.

8. ಮಾದರಿಗಳನ್ನು ಹಾಸ್ಟೆಲಿನಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.
ಶಿಬಿರಕ್ಕೆ ಹೋದಾಗ ಬೆಟ್ಟದ ಸುತ್ತಿನ ಕಾಡೂರುಗಳಲ್ಲಿ ನೆಟ್‌ವರ್ಕ್ ನಂಬಬೇಡಿ. ಎಆರ್ ಬ್ಯಾಟರಿಯನ್ನು ಬೇಗ ನುಂಗುತ್ತದೆ, ಫೋನು ಕಾಯುತ್ತದೆ. ಪವರ್‌ಬ್ಯಾಂಕ್ ಇರಲಿ.

9. ಕ್ಯಾಮೆರಾ ತೆರೆದಿದೆ ಎಂಬುದನ್ನು ಮರೆಯಬೇಡಿ.
ಡಿಸೆಕ್ಷನ್ ಹಾಲಿನ ಒಂದು ಸ್ಕ್ರೀನ್‌ಶಾಟ್ ಕೂಡ ವಾಟ್ಸಾಪ್‌ಗೆ ಹೋಗಬಾರದು. ಇದಕ್ಕೆ ವಿನಾಯಿತಿ ಇಲ್ಲ. ಗ್ಲೌಸ್ ಹಾಕಿದ ಕೈ ಫೋನು ಮುಟ್ಟಬಾರದು. ಕೊಯ್ಯುವವರು ಒಬ್ಬರು, ಫೋನು ಹಿಡಿಯುವವರು ಇನ್ನೊಬ್ಬರು.

10. ವೈವಾಕ್ಕೆ ಫೋನಿಲ್ಲದೆ ತಯಾರಾಗಿ.
ಒಳಗೆ ಫೋನು ಬಿಡುವುದಿಲ್ಲ. ಪರೀಕ್ಷಕರು ಪೆನ್ಸಿಲ್ ಕೈಗೆ ಕೊಟ್ಟು, ಎದುರಿಗೊಬ್ಬರನ್ನು ಮಲಗಿಸಿ, ಅಪೆಂಡಿಕ್ಸ್ ಎಲ್ಲಿ ತೋರಿಸಿ ಎನ್ನುತ್ತಾರೆ. ಬಲ ಸೊಂಟದ ಮೂಳೆಯ ಮುಂದಿನ ಮೊನೆಯಿಂದ ಹೊಕ್ಕುಳಿಗೆ ಗೆರೆ ಎಳೆದು, ಮೊನೆಯ ಕಡೆಯಿಂದ ಮೂರನೇ ಒಂದು ಭಾಗದಲ್ಲಿ ಚುಕ್ಕೆ ಇಡಿ. ಮೊನೆಯನ್ನು ಕಣ್ಣಲ್ಲಿ ಅಂದಾಜು ಮಾಡದೆ ಬೆರಳಿನಿಂದ ತಡಕಿ ಹಿಡಿದರೆ ಪರೀಕ್ಷಕರು ಮುಂದಿನ ಪ್ರಶ್ನೆಗೆ ಹೋಗುತ್ತಾರೆ.