ಬಟನ್ ಸೆಲ್ ನುಂಗಿದರೆ ಕಾಯುತ್ತ ಕೂರಬೇಡಿ
ಜಪಾನಿನಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ

ಟೋಕಿಯೊದ ನಿಶಿ-ಕಸಾಯ್‌ನಂಥ ಕಡೆ ಬಾಡಿಗೆ ಫ್ಲ್ಯಾಟಿನಲ್ಲಿ ದೀಪಾವಳಿ ಮಾಡುವವರು ಬೆಂಕಿಯ ಭಯಕ್ಕೆ ಎಣ್ಣೆ ಬತ್ತಿ ಬಿಟ್ಟು ಎಲ್‌ಇಡಿ ಹಣತೆ ತರುತ್ತಾರೆ. ಅದರ ಅಡಿಯ ಮುಚ್ಚಳದೊಳಗೆ ಸಾಮಾನ್ಯವಾಗಿ ಇರುವುದು ಒಂದು ಬಟನ್ ಸೆಲ್. ಅಡುಗೆಮನೆಯ ಟೈಮರ್, ಕಾರಿನ ಕೀಲಿ, ತೂಕದ ಯಂತ್ರ, ಒತ್ತಿದರೆ ಹಾಡುವ ಮಕ್ಕಳ ಪುಸ್ತಕ, ಊರಿನಿಂದ ಬಂದ ಅಜ್ಜನ ಶ್ರವಣ ಸಾಧನ, ಎಲ್ಲದರಲ್ಲೂ ಅದೇ. ಜಪಾನಿನ ಗ್ರಾಹಕ ವ್ಯವಹಾರಗಳ ಇಲಾಖೆ ಮತ್ತು ರಾಷ್ಟ್ರೀಯ ಗ್ರಾಹಕ ಕೇಂದ್ರ ಮಕ್ಕಳು ಇದನ್ನು ನುಂಗುವ ಬಗ್ಗೆ 2014ರ ಜೂನ್‌ನಲ್ಲಿ ಎಚ್ಚರಿಕೆ ಕೊಟ್ಟಾಗ, ಇದು ಎಷ್ಟು ಗಂಭೀರವಾಗಬಹುದೆಂದು ಸುಮಾರು 60% ಪೋಷಕರಿಗೆ ಗೊತ್ತೇ ಇರಲಿಲ್ಲ.

ಸೆಲ್ ಒಡೆದು ಒಳಗಿನ ರಾಸಾಯನಿಕ ಸೋರಿದರೆ ಮಾತ್ರ ಅಪಾಯ ಎಂದು ಬಹಳ ಮಂದಿ ತಿಳಿದಿದ್ದಾರೆ. ಅಸಲಿಗೆ ಒಡೆಯಬೇಕಾಗಿಯೇ ಇಲ್ಲ. ಸಿಆರ್2032 ಸೆಲ್ 20 ಮಿಲಿಮೀಟರ್ ಅಗಲ, 3 ವೋಲ್ಟ್. ಮಗುವಿನ ಅನ್ನನಾಳದಲ್ಲಿ ಅದು ಸರಿಯಾಗಿ ಸಿಕ್ಕಿಕೊಳ್ಳುತ್ತದೆ. ಒದ್ದೆಯಾದ ಒಳಪದರಕ್ಕೆ ತಾಗಿದೊಡನೆ ವಿದ್ಯುತ್ ಹರಿಯುತ್ತದೆ, ಮೈನಸ್ ಬದಿಯಲ್ಲಿ ತೀವ್ರ ಕ್ಷಾರ ಹುಟ್ಟಿ ಮಾಂಸವನ್ನು ಕರಗಿಸತೊಡಗುತ್ತದೆ. ಹಸಿ ಕೋಳಿ ಮಾಂಸದ ಮೇಲೆ ಇಂಥ ಸೆಲ್ ಇಟ್ಟರೆ ಸ್ವಲ್ಪ ಹೊತ್ತಿಗೇ ಅಂಚಿನಲ್ಲಿ ನೊರೆ ಕಾಣುತ್ತದೆ, ಆಮೇಲೆ ಕೆಳಗಿನ ಭಾಗ ಕಪ್ಪಾಗುತ್ತದೆ. ಎರಡು ಗಂಟೆಯೊಳಗೆ ಅನ್ನನಾಳದಲ್ಲಿ ಆಳವಾದ ಸುಟ್ಟ ಗಾಯ ಆಗಬಹುದು. ಟೈಮರ್ ಓಡಿಸಲಾರದಷ್ಟು ಸೋತ ಹಳೆಯ ಸೆಲ್‌ನಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ.

ನುಂಗಿದ್ದು ಕಂಡರೆ, ಅಥವಾ ಸೆಲ್ ಕಾಣೆಯಾಗಿ ಮಗು ಜೊಲ್ಲು ಸುರಿಸುತ್ತಿದ್ದರೆ, ಊಟ ಬೇಡವೆನ್ನುತ್ತಿದ್ದರೆ, ಕೆಮ್ಮುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಮೊದಲು 119ಕ್ಕೆ ಫೋನ್ ಮಾಡಿ. ಮಗು ಆಡಿಕೊಂಡಿದೆ ಎಂದು ಸುಮ್ಮನಾಗಬೇಡಿ. ಮೊದಮೊದಲು ಯಾವ ಲಕ್ಷಣವೂ ಇಲ್ಲದಿರಬಹುದು. ಆಂಬುಲೆನ್ಸ್‌ಗೆ ಹಣ ಕೊಡಬೇಕಿಲ್ಲ. "ಕ್ಯೂಕ್ಯೂ ದೆಸು. ಕೊದೊಮೊ ಗಾ ಬೊತಾನ್ ದೆನ್ಚಿ ಒ ನೊಮಿಮಾಶಿತಾ" ಎಂದರೆ ಸಾಕು, ಮಗು ಬಟನ್ ಸೆಲ್ ನುಂಗಿದೆ ಎಂದು ಅವರಿಗೆ ತಿಳಿಯುತ್ತದೆ. 119ರ ಕರೆ ತೆಗೆದುಕೊಳ್ಳುವ ಅನೇಕ ಅಗ್ನಿಶಾಮಕ ಕೇಂದ್ರಗಳಲ್ಲಿ ಫೋನಿನಲ್ಲೇ ದುಭಾಷಿಯ ನೆರವೂ ಸಿಗುತ್ತದೆ. ಪಕ್ಕದ ಬೀದಿಯ ಕ್ಲಿನಿಕ್‌ಗೆ ಓಡುವುದು ಬೇಡ. ಎಕ್ಸ್‌ರೇ, ಎಂಡೊಸ್ಕೋಪಿ, ಮಕ್ಕಳಿಗೆ ಅರಿವಳಿಕೆ ಮೂರೂ ಇರುವ ದೊಡ್ಡ ಆಸ್ಪತ್ರೆಯೇ ಬೇಕು. ಒಸಾಕಾದ ವಿಷ ಮಾಹಿತಿ ಕೇಂದ್ರ 'ಚೂದೊಕು 110' ದಿನದ 24 ಗಂಟೆಯೂ ಉತ್ತರಿಸುತ್ತದೆ: 072-727-2499. ಆದರೆ ಅಲ್ಲಿಗೆ ಫೋನ್ ಮಾಡುವುದು 119 ಆದ ಮೇಲೆ.

ನಮ್ಮ ಮನೆಗಳಲ್ಲಿ ಏನಾದರೂ ನುಂಗಿದರೆ ಬಾಳೆಹಣ್ಣು ಕೊಡಿ, ಅನ್ನದ ತುತ್ತು ಕೊಡಿ, ತಾನಾಗಿ ಇಳಿಯುತ್ತದೆ ಎನ್ನುವ ರೂಢಿಯಿದೆ. ಈ ವಿಷಯದಲ್ಲಿ ದಯವಿಟ್ಟು ಅದನ್ನು ಮಾಡಬೇಡಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡುವುದು ಕಷ್ಟ. ವಾಂತಿ ಮಾಡಿಸಲೂಬಾರದು. ಜೇನುತುಪ್ಪ ಮಾತ್ರ ಅಪವಾದ. ಅಮೆರಿಕದ ವಿಷ ಮಾಹಿತಿ ಕೇಂದ್ರದ ಮಾರ್ಗಸೂಚಿಯಂತೆ, ವರ್ಷ ತುಂಬಿದ ಮಗು ಸೆಲ್ ನುಂಗಿ 12 ಗಂಟೆಯೊಳಗಾಗಿದ್ದು, ನುಂಗಲು ಆಗುತ್ತಿದ್ದರೆ, 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚದಂತೆ, ಹೆಚ್ಚೆಂದರೆ ಆರು ಸಲ ಕೊಡಬಹುದು. ಅದು ಗಾಯವನ್ನು ತುಸು ತಡೆಯುತ್ತದೆ, ಅಷ್ಟೆ. ಜೇನು ಹುಡುಕುತ್ತ ಹೊತ್ತು ಕಳೆಯಬೇಡಿ, ವೈದ್ಯರು ಬೇಡವೆಂದರೆ ಬಿಡಿ. ವರ್ಷದೊಳಗಿನ ಕೂಸಿಗಂತೂ ಕೊಡಲೇಬಾರದು. 2017ರಲ್ಲಿ ಟೋಕಿಯೊದಲ್ಲಿ ಆರು ತಿಂಗಳ ಮಗು ಜೇನಿನಿಂದ ಬಂದ ಬೊಟುಲಿಸಂನಿಂದ ತೀರಿಕೊಂಡಿತು.

ಸೆಲ್ ಮೂಗಿಗೋ ಕಿವಿಗೋ ಹೋದರೂ ಅಷ್ಟೇ ತುರ್ತು. ಮೂಗಿನ ನಡುಗೋಡೆ ಕೆಲವೇ ಗಂಟೆಗಳಲ್ಲಿ ತೂತಾಗಬಹುದು, ಕಿವಿಯ ತಮಟೆ ಹರಿಯಬಹುದು. ಒಂದೇ ಹೊಳ್ಳೆಯಿಂದ ವಾಸನೆಯ, ಕಪ್ಪು ಅಥವಾ ರಕ್ತ ಬೆರೆತ ಸಿಂಬಳ ಬಂದರೆ ಶೀತವೆಂದುಕೊಳ್ಳಬೇಡಿ. ಕಿವಿಗೆ ಬಿಸಿ ಎಣ್ಣೆ ಬಿಡುವುದು, ಮೂಗಿಗೆ ಡ್ರಾಪ್ಸ್ ಹಾಕುವುದು, ಹೇರ್‌ಪಿನ್ನಿನಿಂದ ಕೆದಕುವುದು ಯಾವುದೂ ಬೇಡ. ದ್ರವ ಬಿದ್ದರೆ ಹಾನಿ ಹೆಚ್ಚುತ್ತದೆ, ಕೆದಕಿದರೆ ಸೆಲ್ ಇನ್ನೂ ಒಳಗೆ ಹೋಗುತ್ತದೆ. ಇ.ಎನ್.ಟಿ. ವಿಭಾಗಕ್ಕೆ ಇಲ್ಲಿ 'ಜಿಬಿಕಾ' ಎನ್ನುತ್ತಾರೆ. ರಾತ್ರಿ ಅದು ತೆರೆದಿರುವ ಆಸ್ಪತ್ರೆ ಸಿಗದಿದ್ದರೆ 119ರವರನ್ನೇ ಕೇಳಿ.

ಸೆಲ್‌ನ ಪ್ಯಾಕೆಟ್ ಅಥವಾ ಸೆಲ್ ಇದ್ದ ಆಟಿಕೆಯನ್ನು ಜೊತೆಗೆ ಒಯ್ಯಿರಿ. ಎಕ್ಸ್‌ರೇಯಲ್ಲಿ ಬಟನ್ ಸೆಲ್ಲಿಗೆ ಅಂಚಿನ ಒಳಗೆ ಇನ್ನೊಂದು ಉಂಗುರ ಕಾಣುತ್ತದೆ, ನಾಣ್ಯಕ್ಕೆ ಕಾಣುವುದಿಲ್ಲ. ನುಂಗಿದ್ದು ನಾಣ್ಯವೋ ಸೆಲ್ಲೋ ಎಂಬ ಅನುಮಾನವಿದ್ದರೆ ಸೆಲ್ ಎಂದೇ ಹೇಳಿ. ತೆಗೆದ ಮೇಲೂ ನಿಶ್ಚಿಂತೆ ಇಲ್ಲ: ಸುಟ್ಟ ಗಾಯ ರಕ್ತನಾಳದವರೆಗೆ ಇಳಿದು ದಿನಗಳ, ವಾರಗಳ ನಂತರವೂ ರಕ್ತಸ್ರಾವವಾಗಬಹುದು. ವಾಂತಿಯಲ್ಲಿ ರಕ್ತ ಬಂದರೆ, ಮಲ ಕಪ್ಪಾದರೆ ತಡಮಾಡದೆ ಮತ್ತೆ 119.

ಮುನ್ನೆಚ್ಚರಿಕೆಯಲ್ಲಿ ಕಷ್ಟವೇನಿಲ್ಲ. ಮೂರು ವರ್ಷದ ಮಗುವಿನ ಬಾಯಿ ಸುಮಾರು 39 ಮಿಲಿಮೀಟರ್ ತೆರೆಯುತ್ತದೆಂಬ ಲೆಕ್ಕದಲ್ಲಿ, ಟಾಯ್ಲೆಟ್ ಪೇಪರಿನ ಸುರುಳಿಯೊಳಗೆ ತೂರುವುದೆಲ್ಲ ಅಪಾಯವೆಂದು ಇಲ್ಲಿ ತಾಯಂದಿರಿಗೆ ಹೇಳಿಕೊಡುತ್ತಾರೆ. ಬಳಸಿದ ಸೆಲ್ ತೆಗೆದ ಕೂಡಲೇ ಎರಡೂ ಬದಿಗೆ ಸೆಲೊ ಟೇಪ್ ಸುತ್ತಿ, ಮಗುವಿಗೆ ಎಟುಕದ ಕಡೆ ಇಡಿ. ಎಲ್‌ಆರ್, ಎಸ್‌ಆರ್, ಪಿಆರ್ ಎಂದಿರುವುದನ್ನು ಎಲೆಕ್ಟ್ರಾನಿಕ್ಸ್ ಅಂಗಡಿಯ ಸಂಗ್ರಹ ಡಬ್ಬಿಗೆ ಹಾಕಬಹುದು. ಸಿಆರ್ ಎಂದಿರುವುದಕ್ಕೆ ನಿಮ್ಮ ವಾರ್ಡಿನ ಕಸದ ನಿಯಮ ನೋಡಿ. ಆಸ್ಟ್ರೇಲಿಯಾದಲ್ಲಿ 2022ರಿಂದ ಇಂಥ ವಸ್ತುಗಳ ಸೆಲ್ ಮಕ್ಕಳ ಕೈಗೆ ಸುಲಭವಾಗಿ ಬರದಂತೆ ಭದ್ರಪಡಿಸುವುದು ಕಡ್ಡಾಯ, ಅಮೆರಿಕವೂ ಅದೇ ವರ್ಷ ಕಾನೂನು ತಂದಿತು. ನಿಮ್ಮ ಮನೆಯಲ್ಲಿ ಆ ಕೆಲಸ ನಿಮ್ಮದೇ: ಇವತ್ತೇ ಟೈಮರ್, ರಿಮೋಟ್, ಹಣತೆ ಒಂದೊಂದನ್ನೂ ತಿರುಗಿಸಿ ನೋಡಿ. ಸ್ಕ್ರೂ ಇಲ್ಲದ ಮುಚ್ಚಳವಿದ್ದರೆ ಗಟ್ಟಿ ಟೇಪ್ ಹಾಕಿ, ಇಲ್ಲವೇ ಮನೆಯಿಂದ ಹೊರಗೆ ಹಾಕಿ.